ಸ್ಪಾಟ್ ನಾಲ್ಕು ಎಲ್ಲಿತ್ತು?

"ಪೆನ್ ಡ್ರೈವ್ ತೆಗೆಯಿರಿ. ಎಡಗಡೆ ಕೂತವರ ಕೈಗೆ ಕೊಡಿ. ಇನ್ನು ಒಂದು ಗಂಟೆ ಯಾರೂ ಮಾತಾಡುವಂತಿಲ್ಲ."

ಹನ್ನೆರಡು ಜನ ನನ್ನ ಮುಖ ನೋಡಿದರು. ಪುಣೆಯ ಒಂದು ಭೂವಿಜ್ಞಾನ ವಿಭಾಗದ ಸಣ್ಣ ಕೋಣೆ. ನವೆಂಬರ್ ತಿಂಗಳ ಬೆಳಗು. ಎಲ್ಲರೂ ಪಿಎಚ್‌ಡಿ ಮಾಡುತ್ತಿರುವವರು. ಕಲ್ಲು, ಮಣ್ಣು, ಮಳೆ, ಭೂಕಂಪ, ಹೀಗೆ ಒಬ್ಬೊಬ್ಬರದು ಒಂದೊಂದು ವಿಷಯ. ಹೆಚ್ಚಿನವರು ಮರಾಠಿಯವರು. ಅಕ್ಕಲಕೋಟೆಯ ಒಬ್ಬ ಹುಡುಗಿ, ಜತ್ತದ ಒಬ್ಬ ಹುಡುಗ, ಬೀದರಿನ ಒಬ್ಬ, ಈ ಮೂವರು ಮನೆಯಲ್ಲಿ ಕನ್ನಡ ಮಾತಾಡುವವರು. ಪಾಠವೆಲ್ಲ ಇಂಗ್ಲಿಷ್‌ನಲ್ಲಿ, ಚಹಾ ಹೊತ್ತಿನ ಮಾತು ಮರಾಠಿಯಲ್ಲಿ. ನಾವು ನಾಲ್ವರು ಒಂದು ಮೂಲೆಗೆ ಸೇರಿದರೆ ಕನ್ನಡ.

ಕೊಟ್ಟ ಕೆಲಸ ಇಷ್ಟೆ. ಪಕ್ಕದವರು ಕಳೆದ ಸೆಮಿನಾರಿನಲ್ಲಿ ಒಂದು ಗ್ರಾಫ್ ತೋರಿಸಿದ್ದರು, ಅಲ್ವಾ? ಅದನ್ನು ಅವರದೇ ಫೈಲುಗಳಿಂದ ಮತ್ತೆ ಬರೆಯಬೇಕು. ಅವರನ್ನು ಏನೂ ಕೇಳಬಾರದು. ಅವರು ಕೆಲಸ ಸಿಕ್ಕಿ ದೂರ ಹೋಗಿದ್ದಾರೆ, ಫೋನ್ ನಂಬರೂ ಬದಲಾಗಿದೆ ಅಂದುಕೊಳ್ಳಿ.

ಡೇಟಾವನ್ನು ಬೇರೆಯವರಿಗೂ ಅರ್ಥವಾಗುವ ಹಾಗೆ ಬರೆದಿಡುವುದು ಹೇಗೆ ಅನ್ನುವ ಇದೇ ಪಾಠವನ್ನು ಹಿಂದಿನ ವರ್ಷ ಬೇರೆ ಥರ ಮಾಡಿದ್ದೆ. ಅರವತ್ತು ಸ್ಲೈಡುಗಳು. ಮೊದಲ ಸ್ಲೈಡಿನಲ್ಲೇ 2016ರಲ್ಲಿ ಪ್ರಕಟವಾದ 'ಫೇರ್' ತತ್ವಗಳು: ಡೇಟಾ ಹುಡುಕಿದರೆ ಸಿಗಬೇಕು, ಕೈಗೆ ಎಟುಕಬೇಕು, ಬೇರೆ ಡೇಟಾ ಜೊತೆ ಹೊಂದಬೇಕು, ಮತ್ತೆ ಬಳಸಲು ಬರಬೇಕು. ಇದರಲ್ಲಿ ಒಂದಕ್ಷರವೂ ತಪ್ಪಲ್ಲ. ಆದರೆ ಕೇಳುವವರಿಗೆ ಅದು ಸರ್ಕಾರಿ ಸುತ್ತೋಲೆ ಓದಿದ ಹಾಗೆ ಕೇಳಿಸಿತು. ಎಲ್ಲರೂ ಬರೆದುಕೊಂಡರು, ಚಪ್ಪಾಳೆ ತಟ್ಟಿದರು. ಮೂರು ತಿಂಗಳ ಮೇಲೆ ಹೋಗಿ ನೋಡಿದರೆ ಯಾರ ಫೋಲ್ಡರಿನಲ್ಲೂ ಏನೂ ಬದಲಾಗಿರಲಿಲ್ಲ. ತಪ್ಪು ಅವರದಲ್ಲ. ನೋವೇ ಕಾಣದವರ ಮುಂದೆ ನಾನು ಔಷಧಿ ಚೀಟಿ ಇಟ್ಟಿದ್ದೆ. ಅದಕ್ಕೇ ಈ ಸಲ ಸ್ಲೈಡು ಬಿಟ್ಟು ಪೆನ್ ಡ್ರೈವ್ ಹಿಡಿದೆ.

ಹತ್ತು ನಿಮಿಷಕ್ಕೆ ಕೋಣೆಯಲ್ಲಿ ಉಸಿರು ಬಿಡುವ ಸದ್ದು ಕೇಳತೊಡಗಿತು. ಯಾರದೋ ಪೆನ್ ಡ್ರೈವ್‌ನಲ್ಲಿ 'ಫೈನಲ್', 'ಫೈನಲ್ ಹೊಸದು', 'ಸರ್ ನೋಡಿದ್ದು' ಅಂತ ಮೂರು ಫೈಲು. ಮೂರರಲ್ಲೂ ಅಂಕಿಗಳು ಬೇರೆ ಬೇರೆ. ಇನ್ನೊಬ್ಬರ ಹಾಳೆಯಲ್ಲಿ ಕೆಂಪು ಬಣ್ಣ ಬಳಿದ ಸಾಲುಗಳು. ಕೆಂಪು ಅಂದರೆ ಬಿಟ್ಟುಬಿಡಬೇಕಾದದ್ದೋ, ಮುಖ್ಯವಾದದ್ದೋ? ಎಲ್ಲೂ ಬರೆದಿಲ್ಲ. ಅಳತೆ ಸಿಗದ ಕಡೆ ಒಬ್ಬರು ಸೊನ್ನೆ ಹಾಕಿದ್ದರು, ಇನ್ನೊಬ್ಬರು ಮೈನಸ್ 9999. ಪಕ್ಕದ ಹುಡುಗ ಅದನ್ನೂ ಸೇರಿಸಿ ಸರಾಸರಿ ತೆಗೆದ. ಬಾವಿ ನೀರಿನ ಮಟ್ಟ ಮೈನಸ್ ಏಳುನೂರು ಮೀಟರ್ ಬಂತು.

ಗಂಟೆ ಮುಗಿದಾಗ ಗ್ರಾಫ್ ಬರೆದವರು ಇಬ್ಬರೇ.

ಅಕ್ಕಲಕೋಟೆಯ ಹುಡುಗಿಯ ಫೈಲು ಸಿಕ್ಕಿದ್ದು ಸಾಂಗ್ಲಿಯ ಒಬ್ಬ ಹುಡುಗನಿಗೆ. ಗ್ರಾಫ್ ಬರೆಯುವ ಸಾಫ್ಟ್‌ವೇರ್‌ಗೆ ಅದನ್ನು ಹಾಕಿದ. ಸ್ಯಾಂಪಲ್ ನಂಬರ್ ಇರಬೇಕಾದ ಕಡೆ 45272 ಅಂತ ಬಂತು. ಅದರ ಕೆಳಗೆ ಇನ್ನೊಂದು ಐದಂಕಿ. ಅವನು ಕೈ ಎತ್ತಿ, "ಮೇಡಂ, ಇವರು ನಲವತ್ತೈದು ಸಾವಿರ ಕಲ್ಲು ತಂದಿದ್ದಾರಾ?" ಅಂತ ಕೇಳಿದ. ಆ ಹುಡುಗಿ ಎದ್ದು ಹೋಗಿ ಪರದೆ ನೋಡಿದಳು. ಮುಖ ಸಪ್ಪಗಾಯಿತು.

"ಇದು ನನ್ನ ಫೈಲ್ ಅಲ್ರಿ ಮೇಡಂ. ನನ್ನ ನಂಬರ್ ಹಿಂಗ ಇಲ್ಲ."

ಅವಳದೇ ಫೈಲು. ಅವಳು ಡೆಕ್ಕನ್ ಟ್ರಾಪ್ಸ್ ಮೇಲೆ ಕೆಲಸ ಮಾಡುತ್ತಾಳೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಉಕ್ಕಿ, ಪದರದ ಮೇಲೆ ಪದರ ಕೂತು ಆದ ಬಸಾಲ್ಟ್ ನೆಲ ಅದು. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಉಳಿದಿದೆ. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕಪ್ಪು ಕಲ್ಲೂ ಅದರದೇ ಅಂಚು. ಡೆಕ್ಕನ್ ಅಲ್ವಾ, ಅದಕ್ಕೆ ಅವಳು ಸ್ಯಾಂಪಲ್‌ಗಳಿಗೆ ಡಿಇಸಿ-1, ಡಿಇಸಿ-2 ಅಂತ ಹೆಸರಿಟ್ಟಿದ್ದಳು, 58ರವರೆಗೆ. ಎಕ್ಸೆಲ್‌ಗೆ ಡಿಇಸಿ ಅಂದರೆ ಡಿಸೆಂಬರ್. ಡಿಇಸಿ-12 ಅಂತ ಟೈಪ್ ಮಾಡಿದ ಕೂಡಲೇ ಅದು ಡಿಸೆಂಬರ್ 12 ಆಯಿತು. ಟೈಪ್ ಮಾಡಿದ ವರ್ಷ 2023. ಎಕ್ಸೆಲ್ ತಾರೀಖುಗಳನ್ನು ಒಳಗೆ ಇಟ್ಟುಕೊಳ್ಳುವುದು 1900ರ ಜನವರಿ 1ರಿಂದ ದಿನ ಎಣಿಸಿ. ಆ ಲೆಕ್ಕದಲ್ಲಿ 2023ರ ಡಿಸೆಂಬರ್ 12 ಅಂದರೆ 45272.

ಡಿಇಸಿ-31ರವರೆಗೆ ಹೀಗೆ ಹೋಯಿತು. ಡಿಸೆಂಬರ್‌ಗೆ 32ನೇ ದಿನ ಇಲ್ಲವಲ್ಲ! ಡಿಇಸಿ-32 ಬಂದಾಗ ಎಕ್ಸೆಲ್ ಅದನ್ನು 1932ರ ಡಿಸೆಂಬರ್ ಅಂತ ಓದಿಕೊಂಡಿತು. ಡಿಇಸಿ-58 ಹೋಗಿ 1958ರಲ್ಲಿ ಕೂತಿತು. ನಡುವೆ ಡಿಇಸಿ-17ಎ, 17ಬಿ ಅಂತ ಎರಡಿದ್ದವು. ಕೊನೆಯಲ್ಲಿ ಅಕ್ಷರ ಇದ್ದದ್ದರಿಂದ ಅವೆರಡೇ ಹಾಗೇ ಉಳಿದವು. ಹಾಳೆಯನ್ನು ಒಮ್ಮೆ ಕ್ರಮವಾಗಿ ಜೋಡಿಸಿದ್ದೇ ತಡ, ಕೆಳಗಿನ ಲಾವಾ ಮೇಲಕ್ಕೆ, ಮೇಲಿನ ಲಾವಾ ಕೆಳಕ್ಕೆ. ಯಾವ ಪದರ ಮೊದಲು, ಯಾವುದು ಆಮೇಲೆ ಅನ್ನುವುದೇ ಅವಳ ಸಂಶೋಧನೆಯ ಪ್ರಶ್ನೆ.

ಎರಡು ವರ್ಷ ಬಿಸಿಲಲ್ಲಿ ಬೆನ್ನ ಮೇಲೆ ಕಲ್ಲು ಹೊತ್ತು ತಂದವಳು. ನನಗೆ ಬೇಸರವಾಯಿತು. ಅದೃಷ್ಟಕ್ಕೆ ಮೂಲ ಸಂಖ್ಯೆಗಳನ್ನು ಮತ್ತೆ ಪಡೆಯಲು ಸಾಧ್ಯವಿತ್ತು, ಅವಳ ಡೈರಿಯೂ ಇತ್ತು. ಮಧ್ಯಾಹ್ನ ಊಟ ಬಿಟ್ಟು ಇಬ್ಬರೂ ಕೂತು ಸರಿ ಮಾಡಿದೆವು. ಇದು ಅವಳೊಬ್ಬಳ ಕಥೆಯಲ್ಲ. ವಂಶವಾಹಿಗಳ ಮೇಲೆ ಕೆಲಸ ಮಾಡುವವರಿಗೂ ಇದೇ ಕಾಟ ಇತ್ತು. ಕೆಲವು ಜೀನುಗಳ ಹೆಸರು ಮಾರ್ಚ್, ಸೆಪ್ಟೆಂಬರ್ ಥರ ಕಾಣುತ್ತಿತ್ತು. ಕೊನೆಗೆ ಹೆಸರಿಡುವ ಸಮಿತಿಯವರು ಜೀನುಗಳ ಹೆಸರನ್ನೇ ಬದಲಿಸಿಬಿಟ್ಟರು. 2020ರಲ್ಲಿ ಅದು ದೊಡ್ಡ ಸುದ್ದಿಯಾಯಿತು. ನಮ್ಮ ಹುಡುಗಿ ತನ್ನ ಸ್ಯಾಂಪಲ್‌ಗಳಿಗೆ ತಿಂಗಳ ಹೆಸರಿಗೆ ಹತ್ತಿರ ಬಾರದ ಹೊಸ ಅಕ್ಷರ ಕೊಟ್ಟಳು. ನಂಬರ್ ಇರುವ ಕಾಲಮ್ಮನ್ನು ಟೈಪ್ ಮಾಡುವ ಮೊದಲೇ 'ಟೆಕ್ಸ್ಟ್' ಅಂತ ಮಾಡಿಟ್ಟಳು. ಐದು ನಿಮಿಷದ ಕೆಲಸ.

ಅವಳದೇ ಹಾಳೆಯಲ್ಲಿ ಇನ್ನೊಂದು ಸಿಕ್ಕಿತು. ಕಬ್ಬಿಣದ ಕಾಲಂ. ಒಂದಷ್ಟು ಸ್ಯಾಂಪಲ್ ಒಂದು ಲ್ಯಾಬ್‌ಗೆ ಹೋಗಿದ್ದವು, ಉಳಿದವು ಇನ್ನೊಂದಕ್ಕೆ. ಒಬ್ಬರು ಕಬ್ಬಿಣವನ್ನೆಲ್ಲ ಫೆರಿಕ್ ಆಕ್ಸೈಡ್ ಲೆಕ್ಕದಲ್ಲಿ ಕೊಟ್ಟಿದ್ದರು, ಇನ್ನೊಬ್ಬರು ಫೆರಸ್ ಆಕ್ಸೈಡ್ ಲೆಕ್ಕದಲ್ಲಿ. ಮೊದಲನೆಯದರಿಂದ ಎರಡನೆಯದಕ್ಕೆ ಬರಲು 0.8998ರಿಂದ ಗುಣಿಸಬೇಕು. ಕಾಲಮ್ಮಿನ ತಲೆಯಲ್ಲಿ ಬರೀ 'ಕಬ್ಬಿಣ' ಅಂತ ಇತ್ತು. ನೂರಕ್ಕೆ 13ರಷ್ಟು ಕಬ್ಬಿಣದ ಆಕ್ಸೈಡ್ ಇರುವ ಬಸಾಲ್ಟ್‌ನಲ್ಲಿ ಇದರಿಂದ ಒಂದಕ್ಕಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ಸುಮ್ನೆ ನೋಡಿದರೆ ಎರಡು ಬೇರೆ ಬೇರೆ ಲಾವಾ ಅನ್ನಿಸಬಹುದು.

ಚಹಾ ಆದ ಮೇಲೆ ಭೂಕಂಪದ ಹುಡುಗನ ಸರದಿ. ಅವನು ಕರಾಡ ಕಡೆಯವನು. ಕೊಯ್ನಾ ಅವನಿಗೆ ಮನೆಯ ಮಾತು. 1962ರ ಹೊತ್ತಿಗೆ ಕೊಯ್ನಾ ಅಣೆಕಟ್ಟಿನ ಹಿಂದೆ ನೀರು ತುಂಬತೊಡಗಿತು. ನೆಲ ಆಗಾಗ ಅದುರತೊಡಗಿತು. 1967ರ ಡಿಸೆಂಬರ್‌ನಲ್ಲಿ ದೊಡ್ಡ ಭೂಕಂಪ ಆಯಿತು. ಜಲಾಶಯದ ನೀರಿನಿಂದ ಪ್ರಚೋದನೆಗೊಂಡ ಭೂಕಂಪ ಅಂದರೆ ಜಗತ್ತಿನ ಪುಸ್ತಕಗಳಲ್ಲೆಲ್ಲ ಮೊದಲು ಬರುವ ಹೆಸರು ಇದೇ. ಅವನು ಎರಡು ಕಡೆಯಿಂದ ಪಟ್ಟಿ ತಂದು ಸೇರಿಸಿದ್ದ. ಅವನ ಪಟ್ಟಿಯಲ್ಲಿ ಡಿಸೆಂಬರ್ 10ಕ್ಕೆ ಒಂದು ದೊಡ್ಡ ಭೂಕಂಪ, ಡಿಸೆಂಬರ್ 11ಕ್ಕೆ ಇನ್ನೊಂದು.

ನನ್ನ ಅಜ್ಜಿ ಆಗ ಬೆಳಗಾವಿಯಲ್ಲಿದ್ದಳು. ಸೋಮವಾರ ನಸುಕಿನಲ್ಲಿ ಮಾಡದ ಮೇಲಿನ ಹಿತ್ತಾಳೆ ಪಾತ್ರೆಗಳು ಸದ್ದು ಮಾಡಿದ್ದನ್ನು ಸಾಯುವವರೆಗೂ ಹೇಳುತ್ತಿದ್ದಳು. ಒಂದೇ ಸಲ. ಅದು ಆದದ್ದು ನಮ್ಮ ಗಡಿಯಾರದಲ್ಲಿ 11ನೇ ತಾರೀಖು ಬೆಳಗಿನ 4 ಗಂಟೆ 21 ನಿಮಿಷಕ್ಕೆ. ಭೂಕಂಪದ ಅಂತಾರಾಷ್ಟ್ರೀಯ ಪಟ್ಟಿಗಳು ಇಡೀ ಜಗತ್ತಿಗೆ ಒಂದೇ ಸಮಯ ಹಿಡಿಯುತ್ತವೆ. ಅದು ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಅಲ್ಲಿ 10ನೇ ತಾರೀಖು ರಾತ್ರಿ 10 ಗಂಟೆ 51 ನಿಮಿಷ. ಭೂಕಂಪ ಒಂದೇ, ತಾರೀಖು ಎರಡು. ಅವನ ಕಾಲಮ್ಮಿನ ತಲೆಯಲ್ಲಿ 'ಸಮಯ' ಅಂತ ಮಾತ್ರ ಇತ್ತು. ಯಾವ ಸಮಯ ಅಂತ ಇರಲಿಲ್ಲ.

ಮಳೆಯ ಮೇಲೆ ಕೆಲಸ ಮಾಡುವ ಹುಡುಗಿ ಇದನ್ನು ಕೇಳಿ ನೆಟ್ಟಗೆ ಕೂತಳು. ಅವಳ ವಿಷಯದಲ್ಲೂ ಇದೇ ಇದೆ. ನಮ್ಮಲ್ಲಿ ಮಳೆ ಅಳೆಯುವುದು ಬೆಳಿಗ್ಗೆ ಎಂಟೂವರೆಗೆ. ಇವತ್ತಿನ ಮಳೆ ಅಂತ ಬರೆದದ್ದು ನಿನ್ನೆ ಎಂಟೂವರೆಯಿಂದ ಇವತ್ತು ಎಂಟೂವರೆಯವರೆಗೆ ಬಿದ್ದದ್ದು. 2005ರಲ್ಲಿ ಮುಂಬೈ ಮುಳುಗಿದ ಆ ಮಳೆ, ಸಾಂತಾಕ್ರೂಜ್‌ನ 944 ಮಿಲಿಮೀಟರ್, ಜನರ ನೆನಪಿನಲ್ಲಿ ಜುಲೈ 26ರದು. ಲೆಕ್ಕದ ಪುಸ್ತಕದಲ್ಲಿ 27ರದು. ಎರಡೂ ಸರಿ. ಯಾವುದು ಯಾವುದು ಅಂತ ಬರೆದಿಟ್ಟರೆ ಮಾತ್ರ ಸರಿ.

ಇಷ್ಟೆಲ್ಲ ಆದ ಮೇಲೂ ಜತ್ತದ ಹುಡುಗ ಒಂದು ಪ್ರಶ್ನೆ ಕೇಳಿದ. ಗೌರವದಿಂದಲೇ ಕೇಳಿದ. "ಅಕ್ಕಾರ, ತಪ್ಪಾದ್ರ ಮತ್ತ ಹೋಗಿ ಸ್ಯಾಂಪಲ್ ತರಬಹುದಲ್ರಿ? ಕಲ್ಲು ಎಲ್ಲಿ ಓಡಿ ಹೋಗತಾವ?"

ಆಗ ನಾನು ಬ್ಯಾಗಿನಿಂದ ಒಂದು ಹಳೆಯ ಫೋಟೋ ತೆಗೆದು ತೋರಿಸಿದೆ.

1998. ನಾನು ಧಾರವಾಡದಲ್ಲಿ ಎಂಎಸ್ಸಿ ಓದುತ್ತಿದ್ದೆ. ಪ್ರಾಜೆಕ್ಟ್‌ಗೆ ಬಾಗಲಕೋಟೆ ಹತ್ತಿರ ಘಟಪ್ರಭಾ ದಂಡೆಯಲ್ಲಿ ಸುಣ್ಣಕಲ್ಲು ನೋಡಲು ಹೋಗಿದ್ದೆ. ಕಲಾದಗಿ ಶಿಲೆಗಳು. ನೂರು ಕೋಟಿ ವರ್ಷಕ್ಕೂ ಹಳೆಯವು. ಒಂದು ಬಂಡೆಯಲ್ಲಿ ಎಲೆಕೋಸು ಕತ್ತರಿಸಿದ ಹಾಗೆ ಸುತ್ತು ಸುತ್ತು ಪದರಗಳು ಕಂಡವು. ಸ್ಟ್ರೊಮಾಟೊಲೈಟ್. ಆ ಕಾಲದ ಸಮುದ್ರದಲ್ಲಿ ಕಣ್ಣಿಗೆ ಕಾಣದ ಜೀವಿಗಳು ಕಟ್ಟಿದ ಗುಡ್ಡೆ. ಕೈಯಿಟ್ಟು ಮುಟ್ಟಿದ್ದು ಇವತ್ತಿಗೂ ನೆನಪಿದೆ. ಸುತ್ತಿಗೆ ಪಕ್ಕದಲ್ಲಿಟ್ಟು ರೀಲ್ ಕ್ಯಾಮೆರಾದಲ್ಲಿ ಐದು ಫೋಟೋ ತೆಗೆದೆ. ಡೈರಿಯಲ್ಲಿ ಬರೆದುಕೊಂಡೆ: "ಸ್ಪಾಟ್ 4. ಹಳ್ಳದ ಪಕ್ಕ, ದೊಡ್ಡ ಬೇವಿನ ಮರದ ಕೆಳಗೆ."

ಫೋಟೋಗಳ ಹಿಂದೆ ಪೆನ್ಸಿಲಿನಲ್ಲಿ 'ಸ್ಪಾಟ್ 4' ಅಂತ ಇದೆ. ಡೈರಿ ಇಲ್ಲ. ಹಾಸ್ಟೆಲ್ ಬಿಡುವಾಗ ಹಳೆಯ ನೋಟ್‌ಬುಕ್ ಜೊತೆ ಅದನ್ನೂ ರದ್ದಿಗೆ ಹಾಕಿದೆ. ಅಂಕ ಬಂದಿತ್ತು, ಕೆಲಸ ಮುಗಿದಿತ್ತು. ಎರಡು ಮೂರು ವರ್ಷದಲ್ಲಿ ಆಲಮಟ್ಟಿ ಹಿನ್ನೀರು ಏರುತ್ತ ಬಂತು. ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಿದವು. ನವನಗರ ಎದ್ದಿತು. ಆ ಹಳ್ಳ, ಆ ಬೇವಿನ ಮರ, ಆ ಬಂಡೆ ಈಗ ನೀರಿನ ಅಡಿಯಲ್ಲಿವೆ. ಬಹಳ ವರ್ಷದ ಮೇಲೆ ಆ ಭಾಗದಲ್ಲಿ ಕೆಲಸ ಮಾಡುವ ಒಬ್ಬರು ನನ್ನ ಫೋಟೋ ನೋಡಿ, "ಇದು ಎಲ್ಲಿಯದು? ಇಂಥದ್ದು ಆ ದಂಡೆಯಲ್ಲಿ ಇತ್ತೇ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾಗಲಕೋಟೆಯವರ ಊರೇ ಹೋಯಿತು, ಅದರ ಮುಂದೆ ಇದು ಸಣ್ಣದು, ನನಗೆ ಗೊತ್ತು. ಆದರೂ ಆ ಬಂಡೆಯನ್ನು ಅಷ್ಟು ಹತ್ತಿರದಿಂದ ನೋಡಿದ ಕೊನೆಯವರಲ್ಲಿ ನಾನೊಬ್ಬಳಿರಬಹುದು. ಹಾಗಿದ್ದೂ ಅದು ಎಲ್ಲಿತ್ತು ಅಂತ ಹೇಳಲಾರೆ.

ನೂರೈವತ್ತು ವರ್ಷದ ಹಿಂದೆ ಅದೇ ಸೀಮೆಯಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಓಡಾಡಿದ್ದರು. ಕಲಾದಗಿ, ಧಾರವಾಡ ಅನ್ನುವ ಹೆಸರುಗಳನ್ನು ಭೂವಿಜ್ಞಾನಕ್ಕೆ ತಂದವರು ಅವರು. ಯಾವ ಊರು, ಊರಿಂದ ಎಷ್ಟು ಮೈಲಿ, ಯಾವ ದಿಕ್ಕು ಅಂತ ಬರೆಯುವುದು ಆ ಕಾಲದ ಸರ್ವೆಯವರ ರೂಢಿ. ಜಿಪಿಎಸ್ ಇಲ್ಲದ ಕಾಲದಲ್ಲಿ ಅವರು ಬರೆದಿಟ್ಟಷ್ಟನ್ನು ನಾನು ಬರೆಯಲಿಲ್ಲ.

ಜತ್ತದ ಹುಡುಗ ಮತ್ತೆ ಏನೂ ಕೇಳಲಿಲ್ಲ. ಫೋಟೋ ಎಲ್ಲರ ಕೈಯಲ್ಲಿ ಸುತ್ತಿ ಬಂತು.

ಮರುದಿನ ಎಲ್ಲರೂ ಸಿಂಹಗಡಕ್ಕೆ ಹೋದೆವು. ಪುಣೆಯಲ್ಲಿ ಭೂವಿಜ್ಞಾನ ಓದಿದವರಿಗೆ ಈ ಘಾಟ್ ರಸ್ತೆಯೇ ಪಾಠಶಾಲೆ. ರಸ್ತೆ ಕಡಿದ ಕಡೆ ಲಾವಾ ಪದರಗಳು ಮೆಟ್ಟಿಲಿನ ಹಾಗೆ ಕಾಣುತ್ತವೆ. ಕೆಲವು ಕಡೆ ಎರಡು ಪದರದ ನಡುವೆ ಇಟ್ಟಿಗೆ ಬಣ್ಣದ ತೆಳು ಮಣ್ಣು. ಅದಕ್ಕೆ ರೆಡ್ ಬೋಲ್ ಅನ್ನುತ್ತೇವೆ. ಅವತ್ತು ಯಾರೂ ಸುತ್ತಿಗೆ ಎತ್ತಬಾರದು ಅಂತ ಮೊದಲೇ ಹೇಳಿದ್ದೆ. ಹನ್ನೆರಡೂ ಜನ ಹಿಂದೆ ಯಾವಾಗಲೋ ಇಲ್ಲಿ ಒಂದಲ್ಲ ಒಂದು ಜಾಗ ಗುರುತು ಮಾಡಿದವರೇ. ಈಗ ಪಕ್ಕದವರ ಡೈರಿ ಹಿಡಿದು ಅವರ ಜಾಗ ಹುಡುಕಬೇಕು. ಆರು ಜೋಡಿ.

ಒಂದು ಜೋಡಿಯ ಕೈಗೆ ಜತ್ತದ ಹುಡುಗನ ಡೈರಿ ಬಂದಿತ್ತು. ಅದರಲ್ಲಿ 18.22, 73.45 ಅಂತ ಇತ್ತು. ಫೋನಿನಲ್ಲಿ ಹಾಕಿದರು. ಫೋನು ಘಟ್ಟ ಇಳಿದು ಕೊಂಕಣಕ್ಕೆ ಹೋಗಲು ದಾರಿ ತೋರಿಸಿತು. ಗುರುತು ಕೂತದ್ದು ರಾಯಗಡ ಕೋಟೆಯ ಹತ್ತಿರ! ಸಿಂಹಗಡ ಇರುವುದು 18 ಡಿಗ್ರಿ 22 ಮಿನಿಟು ಉತ್ತರ, 73 ಡಿಗ್ರಿ 45 ಮಿನಿಟು ಪೂರ್ವದಲ್ಲಿ. ಅವನು ಮಿನಿಟನ್ನು ಚುಕ್ಕೆ ಇಟ್ಟು ಬರೆದಿದ್ದ. ಡಿಗ್ರಿಗೆ 60 ಮಿನಿಟು. 22 ಮಿನಿಟು ಅಂದರೆ 0.22 ಅಲ್ಲ, 0.367. ಒಂದು ಚುಕ್ಕೆಗೆ ಕಲ್ಲು ಮೂವತ್ತೈದು ಕಿಲೋಮೀಟರಿಗಿಂತ ಜಾಸ್ತಿ ದೂರ ಹೋಯಿತು. ಈ ತಪ್ಪು ಬೇಗ ಕಾಣುತ್ತದೆ, ಅದು ಪುಣ್ಯ.

ಕಾಣದೇ ಇರುವ ತಪ್ಪು ಇನ್ನೊಂದು ಜೋಡಿಗೆ ಸಿಕ್ಕಿತು. ಅವರು ಡೈರಿ ನೋಡಿ ಸರಿಯಾಗಿಯೇ ನಡೆದರು. ಆದರೆ ತಲುಪಿದ್ದು ಒಂದು ತಿರುವು ಆಚೆ, ಬೇರೆ ಲಾವಾ ಪದರದ ಮೇಲೆ. ಡೈರಿ ಬರೆದವರು ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟ್ ನಕ್ಷೆಯಿಂದ ಅಕ್ಷಾಂಶ ರೇಖಾಂಶ ಓದಿದ್ದರು. ಆ ಹಾಳೆಗಳು 1830ರ ಎವರೆಸ್ಟ್ ಅಳತೆಯ ಭೂಗೋಲವನ್ನು ಹಿಡಿದವು. ಫೋನಿನ ಜಿಪಿಎಸ್ ಹಿಡಿಯುವುದು ಡಬ್ಲ್ಯುಜಿಎಸ್ 84 ಅನ್ನುವ ಬೇರೆ ಅಳತೆಯ ಭೂಗೋಲ. ಪುಣೆಯಲ್ಲಿ ಎರಡಕ್ಕೂ ನೂರು ಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ಬಯಲಿನಲ್ಲಾದರೆ ಒಂದು ಹೊಲ ಆಚೀಚೆ. ಘಾಟಿನಲ್ಲಿ ಅಷ್ಟರಲ್ಲೇ ಲಾವಾ ಬದಲಾಗುತ್ತದೆ. ಟೋಪೋಶೀಟಿನಿಂದ ಓದಿದ್ದು ಅಂತ ಒಂದು ಮಾತು ಬರೆದಿದ್ದರೆ ಸಾಕಿತ್ತು.

ಮೂರು ಜೋಡಿ ಸರಿಯಾದ ಜಾಗ ತಲುಪಿತು. ಅದರಲ್ಲಿ ಬೀದರಿನ ಹುಡುಗನ ಡೈರಿ ನೋಡಿ ಎಲ್ಲರೂ ತಲೆದೂಗಿದರು. ಅಂಕಿಗಳ ಜೊತೆ ಕೈಯಲ್ಲಿ ಬಿಡಿಸಿದ ಒಂದು ಚಿತ್ರ. ಬಂಡೆ, ಅದರ ಬಿರುಕು, ಪಕ್ಕದ ಮೋರಿ, ಮೋರಿಯ ಮೇಲಿನ ನಂಬರ್. ಫೋಟೋ ತೆಗೆದಾಗ ಯಾವ ದಿಕ್ಕಿಗೆ ಮುಖ ಮಾಡಿದ್ದ ಅನ್ನುವುದೂ ಇತ್ತು. ಬಸಾಲ್ಟ್‌ನಲ್ಲಿ ಕಾಂತಗುಣದ ಖನಿಜ ಇರುವುದರಿಂದ ಕಾಂಪಸ್ ಮುಳ್ಳು ಕೆಲವೊಮ್ಮೆ ಎಳೆದುಕೊಳ್ಳುತ್ತದೆ. ಅದಕ್ಕೆ ಅವನು "ಬಂಡೆಯಿಂದ ಎರಡು ಹೆಜ್ಜೆ ದೂರ ನಿಂತು ಓದಿದ್ದು" ಅಂತಲೂ ಬರೆದಿದ್ದ. ಯಾರು ಕಲಿಸಿದರಪ್ಪ ಅಂತ ಕೇಳಿದೆ. ಅವನ ತಂದೆ ಜಮೀನು ಸರ್ವೆ ಮಾಡುವವರಂತೆ. ಕಲ್ಲು ನೆಟ್ಟ ಗಡಿ ಹೇಗೆ ಬರೆಯಬೇಕು ಅನ್ನುವುದು ಮನೆಯಲ್ಲೇ ಬಂದಿತ್ತು.

ಕೋಟೆ ಮೇಲೆ ಪಿಠ್ಲಾ ಭಾಕ್ರಿ, ಮಡಿಕೆ ಮೊಸರು. ಅಲ್ಲೇ ನೆಲದ ಮೇಲೆ ಕೂತು ಜಗಳವಾಯಿತು. ಒಳ್ಳೆಯ ಜಗಳ.

ಶುರು ಮಾಡಿದ್ದು ಮಳೆಯ ಹುಡುಗಿ. ಇಷ್ಟೆಲ್ಲ ಚೆನ್ನಾಗಿ ಬರೆದು, ಎಲ್ಲರಿಗೂ ಸಿಗುವ ಹಾಗೆ ಹಾಕಿದರೆ, ಬೇರೆಯವರು ನಮ್ಮ ಡೇಟಾ ತೆಗೆದುಕೊಂಡು ನಮಗಿಂತ ಮೊದಲು ಪೇಪರ್ ಬರೆದುಬಿಟ್ಟರೆ? ಈ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಸ್ಕಾಲರ್‌ಶಿಪ್ ತಡವಾಗಿ ಬರುತ್ತದೆ. ಸ್ವಂತ ದುಡ್ಡಲ್ಲಿ ಬಸ್ಸು ಹತ್ತಿ ಹೋಗಿ ತಂದ ಡೇಟಾ ಅದು. ಅವಳಿಗೆ ಹೇಳಿದ್ದು ಇದು: ಬರೆದಿಡುವುದು ಬೇರೆ, ಬಿಟ್ಟುಕೊಡುವುದು ಬೇರೆ. ಇವತ್ತೇ ಬರೆದಿಡು. ಯಾವಾಗ ತೆರೆಯಬೇಕು ಅನ್ನುವುದನ್ನು ನೀನೂ ನಿನ್ನ ಗೈಡೂ ಕೂತು ತೀರ್ಮಾನಿಸಿ. ಝೆನೊಡೊ, ಪಾಂಜಿಯಾ ಥರದ ಭಂಡಾರಗಳಲ್ಲಿ ಡೇಟಾ ಇಟ್ಟು, ಇಂಥ ತಾರೀಖಿನವರೆಗೆ ಮುಚ್ಚಿರಲಿ ಅನ್ನಬಹುದು. ಅದಕ್ಕೊಂದು ಡಿಓಐ ನಂಬರ್, ಅಂದರೆ ಬದಲಾಗದ ಗುರುತಿನ ನಂಬರ್ ಬರುತ್ತದೆ. ನಿನ್ನ ಹೆಸರು, ತಾರೀಖು ಅದಕ್ಕೆ ಅಂಟಿಕೊಂಡಿರುತ್ತದೆ. ಬಳಸಿದವರು ಆ ನಂಬರ್ ಹಾಕುವುದು ರೂಢಿ. ಪೆನ್ ಡ್ರೈವ್‌ನಿಂದ ಪೆನ್ ಡ್ರೈವ್‌ಗೆ ಹೋದ ಡೇಟಾಗೆ ಇಂಥ ಯಾವ ರಕ್ಷಣೆಯೂ ಇಲ್ಲ.

ಅಕ್ಕಲಕೋಟೆಯ ಹುಡುಗಿ ಇನ್ನೊಂದು ಕಡೆಯಿಂದ ಹಿಡಿದಳು. "ಎಲ್ಲಾ ಜಾಗ ಹೇಳೂದು ಛಲೋ ಅಲ್ರಿ ಅಕ್ಕಾರ. ವಾಘೋಲಿ ನೋಡ್ರಿ." ಅವಳು ಹೇಳಿದ್ದು ಸರಿ. ಪುಣೆ ಪಕ್ಕದ ವಾಘೋಲಿಯ ಕಲ್ಲುಗಣಿಗಳಲ್ಲಿ ಕ್ಯಾವನ್ಸೈಟ್ ಅನ್ನುವ ಗಾಢ ನೀಲಿ ಖನಿಜ ಸಿಗುತ್ತದೆ. ಜಗತ್ತಿನ ಸಂಗ್ರಹಕಾರರೆಲ್ಲ ಅದಕ್ಕೆ ಹಾತೊರೆಯುತ್ತಾರೆ. ಪಳೆಯುಳಿಕೆ ಇರುವ ಜಾಗವಾಗಲಿ, ಇಂಥ ಹರಳು ಸಿಗುವ ಜಾಗವಾಗಲಿ, ಮೀಟರ್ ಲೆಕ್ಕದಲ್ಲಿ ಊರಿಗೆಲ್ಲ ಸಾರಿದರೆ ಮುಂದಿನ ಸಲ ಹೋಗುವಷ್ಟರಲ್ಲಿ ಬರಿದಾಗಿರಬಹುದು. ನಿಖರ ಜಾಗವನ್ನು ಮುಚ್ಚಿಟ್ಟು, ಊರಿನ ಮಟ್ಟದ ವಿವರ ಮಾತ್ರ ತೆರೆದಿಡುವುದೇ ಅಲ್ಲಿ ಒಳ್ಳೆಯದು. ಆದರೆ ಮುಚ್ಚಿಟ್ಟಿದ್ದೇವೆ, ಕೇಳಬೇಕಾದವರು ಇಂಥ ಕಡೆ ಕೇಳಿ ಅಂತ ಬರೆಯಬೇಕು. ಈ ಮಾತು ನನ್ನ ಹಿಂದಿನ ವರ್ಷದ ಸ್ಲೈಡುಗಳಲ್ಲಿ ಎಲ್ಲೂ ಇರಲಿಲ್ಲ. ಅವಳಿಂದ ಬಂತು.

ಆಮೇಲೆ ಆರು ಶುಕ್ರವಾರ, ದಿನಕ್ಕೊಂದು ಗಂಟೆ. ಇದರ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಸುಮ್ನೆ ಕೂತು ಕೆಲಸ ಮಾಡಿದೆವು. ಪ್ರತಿ ಫೋಲ್ಡರಿಗೆ ಒಂದು ಪುಟದ ರೀಡ್‌ಮಿ, ಅಂದರೆ ಒಳಗೆ ಏನಿದೆ ಅಂತ ಹೇಳುವ ಟಿಪ್ಪಣಿ. ಪ್ರತಿ ಕಾಲಮ್ಮಿಗೆ ಅದರ ಅರ್ಥ, ಅಳತೆಯ ಮಾನ, ಯಾವ ಯಂತ್ರ, ಯಾವ ಲ್ಯಾಬ್. ಲ್ಯಾಬ್‌ನಿಂದ ಬಂದ ಮೂಲ ಫೈಲನ್ನು ಮುಟ್ಟುವಂತಿಲ್ಲ, ಏನು ಮಾಡಿದರೂ ಪ್ರತಿಯ ಮೇಲೆ. ಫೈಲಿನ ಹೆಸರಲ್ಲಿ ತಾರೀಖು ವರ್ಷದಿಂದ ಶುರುವಾಗಬೇಕು, ಆಗ ತಾನಾಗಿಯೇ ಸಾಲಾಗಿ ನಿಲ್ಲುತ್ತವೆ.

ಬ್ಯಾಕಪ್ ವಿಷಯಕ್ಕೆ ಬಂದಾಗ, ನಮ್ಮಲ್ಲಿ ಮೂರು ಪ್ರತಿ ಇದೆ ಅಂತ ಎಲ್ಲರೂ ಹೆಮ್ಮೆಯಿಂದ ಹೇಳಿದರು. ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್, ಪೆನ್ ಡ್ರೈವ್. ಮೂರೂ ಒಂದೇ ಬ್ಯಾಗಿನಲ್ಲಿ, ಅದೇ ಬ್ಯಾಗು ದಿನಾ ಸಿಟಿ ಬಸ್ಸಿನಲ್ಲಿ. ಒಂದಾದರೂ ಬೇರೆ ಊರಲ್ಲಿರಬೇಕು ಅಂದೆ. ಪುಣೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಮುಠಾ ನದಿಯ ದಂಡೆಯ ಪೇಟೆಗಳಿಗೆಲ್ಲ ನೀರು ನುಗ್ಗಿದ್ದನ್ನು ಇಲ್ಲಿನ ಹಳೆಯ ಮನೆಗಳು ಇನ್ನೂ ಮರೆತಿಲ್ಲ.

ಕಲ್ಲುಗಳ ಬಗ್ಗೆ ನನಗೆ ಪಾಠ ಮಾಡಿದವರು ಮಾತ್ರ ಬೇರೆ. ವಿಭಾಗದಲ್ಲಿ ಕಲ್ಲು ಕೊಯ್ದು ತಿನ್ ಸೆಕ್ಷನ್, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡುವ ತೆಳು ಬಿಲ್ಲೆ ಮಾಡುವ ಕಾಕಾ ಒಬ್ಬರಿದ್ದಾರೆ. ಇಂಡಿ ತಾಲೂಕಿನವರು. ಮೂರನೇ ಶುಕ್ರವಾರ ಹುಡುಗರನ್ನು ಅವರ ಕೋಣೆಗೆ ಕರೆದುಕೊಂಡು ಹೋದೆ. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ಬಟ್ಟೆ ಚೀಲಗಳು, ಗೋಣಿ. ಒಂದು ಮೂಲೆಯಲ್ಲಿ ಹೆಸರಿಲ್ಲದ ಕಲ್ಲಿನ ರಾಶಿ. ಯಾರೋ ತಂದದ್ದು, ಯಾರೋ ಬಿಟ್ಟು ಹೋದದ್ದು.

"ಚೀಟಿ ಚೀಲದಾಗ ಹಾಕತಾರ್ರಿ ಇವ್ರು," ಅಂದರು ಕಾಕಾ. "ಗಾಡ್ಯಾಗ ಕಲ್ಲು ಒಂದಕ್ಕೊಂದು ತಿಕ್ಕಿ ಚೀಟಿ ಹಿಟ್ಟ ಆಗತೈತ್ರಿ. ಆಮ್ಯಾಲ ನಂಗ ಕೇಳತಾರ, ಕಾಕಾ, ಇದು ಯಾವ ಊರ ಕಲ್ಲು ಅಂತ."

ಅವರು ಕಲ್ಲಿನ ಮೇಲೆ ಬೆರಳಗಲ ಬಿಳಿ ಬಣ್ಣ ಹಚ್ಚಿ, ಒಣಗಿದ ಮೇಲೆ ಕಪ್ಪು ಶಾಯಿಯಲ್ಲಿ ನಂಬರ್ ಬರೆಯುತ್ತಾರೆ. ಅದೇ ನಂಬರ್ ಚೀಲದ ಹೊರಗೆ, ಅದೇ ಗಾಜಿನ ಸ್ಲೈಡಿನ ಮೇಲೆ. ಅದೇ ಅವರ ರಿಜಿಸ್ಟರಿನಲ್ಲೂ. ಕಲ್ಲು ಎರಡು ತುಂಡಾದರೆ ನಂಬರಿಗೆ ಬಾಲ ಬರುತ್ತದೆ, ನಂಬರ್ ಬದಲಾಗುವುದಿಲ್ಲ. ಜಗತ್ತಿನ ಯಾವ ಕಲ್ಲಿಗೂ ಇನ್ನೊಂದಕ್ಕೆ ಇಲ್ಲದ ನಂಬರ್ ಕೊಡಬೇಕು ಅನ್ನುವ ಐಜಿಎಸ್‌ಎನ್ ವ್ಯವಸ್ಥೆ ಬಗ್ಗೆ ಹೇಳಲು ನಾನು ತಯಾರಿ ಮಾಡಿಕೊಂಡು ಹೋಗಿದ್ದೆ. ಕಾಕಾ ರಿಜಿಸ್ಟರ್ ತೆರೆದಿಟ್ಟ ಮೇಲೆ ಹೇಳುವುದು ಸುಲಭವಾಯಿತು. ಇದೇ ರಿಜಿಸ್ಟರು, ಎಲ್ಲ ದೇಶಕ್ಕೂ ಸೇರಿ ಒಂದು ಅಂದೆ. ಹುಡುಗರು ಆ ರಿಜಿಸ್ಟರಿನ ಪುಟ ಪುಟವನ್ನೂ ಸ್ಕ್ಯಾನ್ ಮಾಡಿದರು. ಇಪ್ಪತ್ತೆರಡು ವರ್ಷದ ಲೆಕ್ಕ. ಅದನ್ನು ಭಂಡಾರಕ್ಕೆ ಹಾಕುವಾಗ ಮಾಡಿದವರ ಹೆಸರಿನ ಜಾಗದಲ್ಲಿ ಮೊದಲು ಕಾಕಾ ಹೆಸರು ಬರಬೇಕು ಅಂತ ಹುಡುಗರೇ ಹಟ ಹಿಡಿದರು. ಕಾಕಾ ಒಂದು ದಿನ ಯೋಚನೆ ಮಾಡಿ, ತಂದೆ ಹೆಸರೂ ಸೇರಿಸಿ ಬರೆಯಿರಿ ಅಂದರು.

ಮಾರ್ಚ್‌ನಲ್ಲಿ ಒಂದು ರಾತ್ರಿ ಅಕ್ಕಲಕೋಟೆಯ ಹುಡುಗಿ ಫೋನ್ ಮಾಡಿದಳು. ಥೀಸಿಸ್‌ನ ಜೊತೆ ಹೋಗುವ ಡೇಟಾ ಸಿದ್ಧವಾಗಿದೆ, ರೀಡ್‌ಮಿ ಒಮ್ಮೆ ಓದಿ ಅಂದಳು. ಓದಿದೆ. ಊರಿನ ಹೆಸರುಗಳನ್ನು ಇಂಗ್ಲಿಷ್ ಅಕ್ಷರದ ಜೊತೆ ಮರಾಠಿಯಲ್ಲೂ ಬರೆದಿದ್ದಳು. ಗಡಿಯ ನಾಲ್ಕು ಊರುಗಳನ್ನು ಕನ್ನಡದಲ್ಲಿ. ಇಂಗ್ಲಿಷ್ ಕಾಗುಣಿತ ನಂಬಿದರೆ ಒಂದೇ ಊರು ಮೂರು ಥರ ಆಗುತ್ತದೆ ಅನ್ನುವುದು ಅವಳ ಕಾರಣ. ಎರಡು ಸಣ್ಣ ತಿದ್ದುಪಡಿ ಹೇಳಿ ಫೋನ್ ಇಡುವುದರಲ್ಲಿದ್ದೆ.

"ಅಕ್ಕಾರ, ಒಂದು ಕೇಳಲಿ? ನಿಮ್ಮ ಆ ಫೋಟೋ. ಸ್ಪಾಟ್ ನಾಲ್ಕು. ಅದಕ್ಕ ರೀಡ್‌ಮಿ ಬರದೀರೇನ್ರಿ?"

ಬರೆದಿರಲಿಲ್ಲ. ಜಾಗವೇ ಗೊತ್ತಿಲ್ಲದಿದ್ದರೆ ಬರೆಯುವುದಕ್ಕೆ ಏನಿದೆ ಅಂದೆ.

"ಗೊತ್ತಿದ್ದಷ್ಟ ಬರೀರಿ. ಎಷ್ಟು ಗೊತ್ತಿಲ್ಲ ಅಂಬೂದೂ ಬರೀರಿ. ನೀವ ಹೇಳಿದ್ದಲ್ರಿ."

ಅವತ್ತೇ ಕೂತೆ. ಐದೂ ಫೋಟೋ ಸ್ಕ್ಯಾನ್ ಮಾಡಿದೆ. ಮುಂಜಾನೆ ಬಾಗಲಕೋಟೆ ಬಸ್ ನಿಲ್ದಾಣದಿಂದ ನಡೆದು ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬಂದದ್ದು ನೆನಪಿತ್ತು. ಹಾಗಾದರೆ ಊರಿಂದ ಐದು ಕಿಲೋಮೀಟರ್ ಒಳಗೇ. ಫೋಟೋದಲ್ಲಿ ಸುತ್ತಿಗೆಯ ನೆರಳು ಬಲಕ್ಕೆ ಬಿದ್ದಿದೆ, ಬೆಳಗಿನ ಹೊತ್ತು. ಅಂದರೆ ನಾನು ಉತ್ತರಕ್ಕೆ ಮುಖ ಮಾಡಿ ನಿಂತಿರಲಾರೆ. ತಿಂಗಳು ಡಿಸೆಂಬರ್, ಕೊನೆಯ ವಾರ. ಸುತ್ತಿಗೆಯ ಉದ್ದ ಅಳೆದೆ, ಅದು ಇನ್ನೂ ಮನೆಯಲ್ಲಿದೆ, 33 ಸೆಂಟಿಮೀಟರ್. ಇನ್ನು ಮುಂದೆ ಯಾರಾದರೂ ಆ ಸುತ್ತುಗಳ ಅಳತೆ ತೆಗೆಯಬಹುದು.

ಜಾಗ ಅನ್ನುವ ಸಾಲಿನಲ್ಲಿ ಬರೆದೆ: ಘಟಪ್ರಭಾ ದಂಡೆ, ಹಳೆಯ ಬಾಗಲಕೋಟೆಯ ಹತ್ತಿರ, ಹಳ್ಳದ ಪಕ್ಕ, ಬೇವಿನ ಮರದ ಕೆಳಗೆ. ಈಗ ಆಲಮಟ್ಟಿ ಹಿನ್ನೀರಿನ ಅಡಿ. ನಿಖರತೆ ಅನ್ನುವ ಸಾಲಿನಲ್ಲಿ: 5 ಕಿಲೋಮೀಟರ್. ಆಧಾರ ಅನ್ನುವ ಕಡೆ: ಫೋಟೋ ತೆಗೆದವಳ ನೆನಪು.